ಜೋಡುನಳಿಗೆಯ ಕೋವಿಯ ಕಾಲನಿರ್ಣಯ

ನಮ್ಮ ನಾಡಿನ ಹಳೆಯ ಮನೆತನಗಳಲ್ಲಿ, ಮುಖ್ಯವಾಗಿ ಕೊಡಗು ಮಲೆನಾಡುಗಳ ಕಡೆ, ಜೋಡುನಳಿಗೆಯ ಕೋವಿಯೊಂದನ್ನು ಪೂರ್ವಿಕರ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿರುವುದುಂಟು. ಅದು ಯಾವ ಕಾಲದ್ದೆಂದು ಕೇಳಿದರೆ, ‘ಮುತ್ತಾತನ ಕಾಲದ್ದು, ಸಿಪಾಯಿ ದಂಗೆಗಿಂತ ಹಿಂದಿನದು’ ಎಂಬಂಥ ಉತ್ತರ ಬರುವುದು. ನಳಿಗೆಗಳ ನಡುವಣ ಪಟ್ಟಿಯ ಮೇಲೆ ಲಂಡನ್ನಿನದೋ ಕಲ್ಕತ್ತೆಯದೋ ಒಂದು ಅಂಗಡಿಯ ಹೆಸರಿರುವುದು. ವರ್ಷ ಮಾತ್ರ ಇರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ತಯಾರಾದ ವರ್ಷವನ್ನು ಕೋವಿಯ ಮೇಲೆ ಕೆತ್ತುವ ವಾಡಿಕೆ ಅಪರೂಪ. ಹೀಗಿರುವಾಗ ಅದರ ವಯಸ್ಸನ್ನು ತಿಳಿಯುವ ಬಗೆ ಹೇಗೆ? ತಿಳಿದು ಆಗಬೇಕಾದ್ದಾದರೂ ಏನು? ಇದು ಕೇವಲ ಕುತೂಹಲದ ಮಾತಲ್ಲ, ಕೈ ಕಣ್ಣುಗಳ ಕ್ಷೇಮದ ಮಾತೂ ಹೌದು ಎಂಬುದು ಮುಂದೆ ಸ್ಪಷ್ಟವಾಗುವುದು.

ತೇದಿಯಿಲ್ಲದ ಶಾಸನವೊಂದು ದೊರೆತಾಗ ವಿದ್ವಾಂಸರು ಅಕ್ಷರಗಳ ರೂಪವನ್ನು ನೋಡಿ ಅದರ ಕಾಲವನ್ನು ಊಹಿಸುವರು. ಕೋವಿಯ ವಿಷಯದಲ್ಲಿಯೂ ಕ್ರಮ ಇದೇ. ಅದರ ಒಂದೊಂದು ಅಂಗವೂ ಒಂದೊಂದು ಕಾಲದಲ್ಲಿ ಹುಟ್ಟಿದ್ದು. ಆದರೆ ಇಲ್ಲಿ ಒಂದು ನಿಯಮವನ್ನು ಮರೆಯಬಾರದು. ಹೊಸ ಬಗೆಯ ಅಂಗವು ‘ಈ ಕೋವಿ ಇಂಥ ವರ್ಷಕ್ಕಿಂತ ಹಿಂದಿನದಲ್ಲ’ ಎಂದು ಸಾಕ್ಷಿ ನುಡಿಯಬಲ್ಲುದು. ಹಳೆಯ ಬಗೆಯ ಅಂಗವು ‘ಇಂಥ ವರ್ಷಕ್ಕಿಂತ ಈಚಿನದಲ್ಲ’ ಎಂದು ನುಡಿಯಲಾರದು. ಹೊಸದು ಬಂದ ಮಾತ್ರಕ್ಕೆ ಹಳೆಯದನ್ನು ಮಾಡುವುದು ನಿಂತುಹೋಗುವುದಿಲ್ಲವಷ್ಟೆ. ನಮ್ಮ ದೇಶದಲ್ಲಿ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳನ್ನು ಇಪ್ಪತ್ತನೆಯ ಶತಮಾನದಲ್ಲಿಯೂ ತಯಾರಿಸುತ್ತಿದ್ದರೆಂಬುದೇ ಇದಕ್ಕೆ ನಿದರ್ಶನ.

ಈಗ ಅಂಗಗಳ ವಂಶಾವಳಿಯನ್ನು ನೋಡೋಣ. ಮೊದಲು ಚಕಮಕಿ ಕಲ್ಲಿನ ಕಿಡಿಯಿಂದಲೇ ಮದ್ದನ್ನು ಹೊತ್ತಿಸಬೇಕಾಗಿತ್ತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಎಂಬಾತನು ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದಿನಿಂದ ಕೋವಿಯನ್ನು ಹಾರಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಆ ಮದ್ದನ್ನು ತಾಮ್ರದ ಪುಟ್ಟ ಟೋಪಿಯಲ್ಲಿ ತುಂಬಿದ ಕೇಪು 1820ರ ದಶಕದಲ್ಲಿ ಬಳಕೆಗೆ ಬಂದಿತು. ಆಗಲೂ ಮದ್ದು ಚರೆಗಳನ್ನು ನಳಿಗೆಯ ಬಾಯಿಂದಲೇ ಗಜ ಹಾಕಿ ತುಂಬಬೇಕಾಗಿತ್ತು. 1830ರ ದಶಕದಲ್ಲಿ ಪ್ಯಾರಿಸಿನ ಲಫೋಷೊ ಎಂಬಾತನು ನಳಿಗೆ ಮುಂದಕ್ಕೆ ಬಾಗಿ ಹಿಂಬದಿ ತೆರೆಯುವಂತೆಯೂ, ತೋಟಾವನ್ನು ಅಲ್ಲಿಯೇ ಇಡುವಂತೆಯೂ ಏರ್ಪಡಿಸಿದನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಈ ಬಗೆಯನ್ನು ಕಂಡ ಮೇಲೆ ಇಂಗ್ಲಿಷರೂ ಅದನ್ನು ಅನುಸರಿಸಿದರು. ಆ ತೋಟಾದ ಪಕ್ಕದಿಂದ ಒಂದು ಸಣ್ಣ ಮೊಳೆ ಹೊರಚಾಚಿರುತ್ತಿತ್ತು. ಅದಕ್ಕಾಗಿ ನಳಿಗೆಯ ಹಿಂತುದಿಯಲ್ಲಿ ಒಂದು ಕಚ್ಚನ್ನು ಕೊರೆಯುತ್ತಿದ್ದರು. 1861ರಲ್ಲಿ ಲಂಡನ್ನಿನ ಜಾರ್ಜ್ ಡಾ ಎಂಬಾತನು ತಳದ ನಡುವೆ ಕೇಪಿರುವ ತೋಟಾವನ್ನು ಪ್ರಚಾರಕ್ಕೆ ತಂದನು. ಬಹು ಮಂದಿ ತಮ್ಮ ಮೊಳೆಯ ಕೋವಿಗಳನ್ನೇ ಹೊಸ ತೋಟಾಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡರು. ಅಂಥ ಕೋವಿಯಲ್ಲಿ ತುಂಬಿ ಮುಚ್ಚಿದ ಕಚ್ಚಿನ ಗುರುತನ್ನು ಕಾಣಬಹುದು.

1863ರಲ್ಲಿ ಜೇಮ್ಸ್ ಪರ್ಡಿಯು ನಳಿಗೆಯ ಅಡಿಯ ಎರಡು ಕಚ್ಚುಗಳಲ್ಲಿ ಸೇರಿ ಬಿಗಿಯುವ ಅಗುಳಿಗೆ ಪೇಟೆಂಟು ಪಡೆದನು. 1871ರಲ್ಲಿ ಮರ್ಕಾಟ್ ಎಂಬಾತನು ಹೊರಗೆ ಕುದುರೆಯಿಲ್ಲದ ಕೋವಿಯನ್ನು ಹೊರತಂದನು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ನಳಿಗೆ ಬಾಗಿದೊಡನೆ ಒಳಗಿನ ಕುದುರೆಗಳು ತಾವಾಗಿಯೇ ಹೂಡಿಕೊಳ್ಳುವ ಯಂತ್ರವನ್ನು ಕಲ್ಪಿಸಿದರು. ಆದರೆ ಕುದುರೆ ಹೊರಗೆ ಕಂಡಿತೆಂದು ಕೋವಿಯು 1871ಕ್ಕಿಂತ ಹಿಂದಿನದೆಂದು ಹೇಳುವಂತಿಲ್ಲ. ಅಂಥವನ್ನು ಇಪ್ಪತ್ತನೆಯ ಶತಮಾನದಲ್ಲಿಯೂ ಧಾರಾಳವಾಗಿ ಮಾಡಿದರು. ನಳಿಗೆಯ ಮೈಮೇಲಿನ ಅಲೆಅಲೆಯಾದ ಚಿತ್ತಾರದ ಮಾತೂ ಹಾಗೆಯೇ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಸುತ್ತಿ ಬೆಸೆದ ‘ಡಮಾಸ್ಕಸ್’ ನಳಿಗೆಯ ಗುರುತು ಅದು. ಆದರೆ ಅಗ್ಗದ ಕೋವಿಗಳಲ್ಲಿ ಸಾದಾ ನಳಿಗೆಯ ಮೇಲೆ ಆ ಚಿತ್ತಾರವನ್ನು ಬರಿದೆ ಮೂಡಿಸಿದ್ದೂ ಉಂಟು.

ಪಟ್ಟಿಯ ಮೇಲಿನ ಹೆಸರನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಕೋವಿಗಳು ಅನೇಕ ಊರುಗಳ ವ್ಯಾಪಾರಿಗಳ ಹೆಸರು ಹೊತ್ತು ಮಾರಾಟವಾಗುತ್ತಿದ್ದುವು. ಹೆಸರಿಗಿಂತ ವಿಳಾಸವು ಕೆಲವೊಮ್ಮೆ ಹೆಚ್ಚು ಉಪಯುಕ್ತ. ಪರ್ಡಿ ಸಂಸ್ಥೆಯವರು 1880ರ ದಶಕದ ಆದಿಭಾಗದಲ್ಲಿ ಆಕ್ಸ್‌ಫರ್ಡ್ ಬೀದಿಯಿಂದ ಸೌತ್ ಆಡ್ಲಿ ಬೀದಿಗೆ ಹೋದರು. ಎರಡನೆಯ ವಿಳಾಸವುಳ್ಳ ಕೋವಿಯು ಸಹಜವಾಗಿ ಆಮೇಲಿನದು. ಕ್ರಮಸಂಖ್ಯೆ ಸಿಕ್ಕಿ, ಆ ಸಂಸ್ಥೆಯ ದಾಖಲೆ ಪುಸ್ತಕವೂ ಉಳಿದಿದ್ದರೆ ಅದು ಅದೃಷ್ಟವೇ ಸರಿ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯವಿರುವುದು ಸಾಮಾನ್ಯವಾಗಿ ಯಾರೂ ನೋಡದ ಕಡೆ: ನಳಿಗೆಯನ್ನು ಕಳಚಿದರೆ ಕಾಣುವ ಅದರ ಅಡಿಯ ಚಪ್ಪಟೆ ಭಾಗದಲ್ಲಿ. ಮಾರಾಟಕ್ಕೆ ಮೊದಲು ನಳಿಗೆಗೆ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಾಳಿಕೊಂಡರೆ ಮುದ್ರೆಯೊತ್ತುವ ಪರೀಕ್ಷಾಗೃಹಗಳು ಇಂಗ್ಲೆಂಡಿನಲ್ಲಿವೆ. ಲಂಡನ್ನಿನ ಕೋವಿಗಾರರ ಸಂಘವು 1637ರಲ್ಲಿ ಸನ್ನದು ಪಡೆಯಿತು; ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು 1813ರ ಶಾಸನದಿಂದ ಸ್ಥಾಪಿತವಾಯಿತು. ನಿಯಮಗಳು ಬದಲಾದಂತೆಲ್ಲ ಮುದ್ರೆಗಳೂ ಬದಲಾದುವು. ಬಾಯಿಯ ಕಡೆ ಕಿರಿದಾಗುವಂತೆ ಕೊರೆದ ‘ಚೋಕ್’ ನಳಿಗೆಗೆ 1875ರಿಂದ 1887ರವರೆಗೆ ‘ನಾಟ್ ಫಾರ್ ಬಾಲ್’, ಎಂದರೆ ‘ಗುಂಡಿಗಲ್ಲ’, ಎಂಬ ಎಚ್ಚರಿಕೆಯನ್ನು ಒತ್ತುತ್ತಿದ್ದರು. ಆಮೇಲೆ ‘ಚೋಕ್’ ಎಂಬ ಮಾತೊಂದೇ ಬಂದಿತು. ಬರ್ಮಿಂಗ್‌ಹ್ಯಾಮಿನಲ್ಲಿ ಕಿರೀಟದ ಕೆಳಗೆ ಅಡ್ಡಡ್ಡವಾಗಿ ಇಟ್ಟ ಎರಡು ರಾಜದಂಡಗಳ ಮುದ್ರೆ 1904ರಲ್ಲಿ ಹೋಗಿ, ಕಿರೀಟದ ಕೆಳಗೆ ‘ಬಿ.ಪಿ.’, ‘ಬಿ.ವಿ.’ ಎಂಬ ಅಕ್ಷರಗಳು ಬಂದುವು. ಹೊಗೆಯಿಲ್ಲದ ಹೊಸ ಮದ್ದನ್ನು ತಾಳಿದ್ದಕ್ಕೆ ‘ಎನ್.ಪಿ.’ ಎಂಬ ಮುದ್ರೆ. 1925ರಿಂದ ತೋಟಾ ಕೂರುವ ಕೋಣೆಯ ಉದ್ದವನ್ನೂ, 1954ರಿಂದ ಒತ್ತಡದ ಮಿತಿಯನ್ನು ಟನ್ನುಗಳಲ್ಲಿಯೂ ಗುರುತಿಸತೊಡಗಿದರು. ಹೆಸರು ಇಂಗ್ಲಿಷಿನದಾಗಿದ್ದು, ಅಡಿಯಲ್ಲಿ ಅಂಡಾಕಾರದೊಳಗೆ ‘ಇ.ಎಲ್.ಜಿ.’ ಎಂಬ ಅಕ್ಷರಗಳು ಕಂಡರೆ ನಳಿಗೆಯ ಪರೀಕ್ಷೆ ನಡೆದದ್ದು ಬೆಲ್ಜಿಯಮ್ಮಿನ ಲೀಯೆಜ್ ಪಟ್ಟಣದಲ್ಲಿ. ಅದರ ಮೇಲೆ ಕಿರೀಟವಿದ್ದರೆ ಕಾಲ 1893ರ ಈಚೆಗೆ.

ಒಂದು ಕಲ್ಪಿತ ಉದಾಹರಣೆಯಿಂದ ಇದು ವಿಶದವಾಗುವುದು. ಹೊರಗೆ ಕುದುರೆಗಳು, ಡಮಾಸ್ಕಸ್ ನಳಿಗೆ, ಪರ್ಡಿಯ ಬಗೆಯ ಅಗುಳಿ; ಮನೆಯವರ ಮಾತಿನಂತೆ 1857ಕ್ಕಿಂತ ಹಿಂದಿನ ಕೋವಿ. ಅಗುಳಿಯೊಂದೇ ಅದನ್ನು 1863ರ ಈಚೆಗೆ ಎಳೆಯುವುದು. ಅಡಿಯಲ್ಲಿ ‘ನಾಟ್ ಫಾರ್ ಬಾಲ್’ ಎಂದಿದ್ದರೆ ನಳಿಗೆಯ ಕಾಲ 1875-1887ರ ಹನ್ನೆರಡು ವರ್ಷಗಳೊಳಗೆ ನಿಲ್ಲುವುದು. ಜೊತೆಗೆ ಕಿರೀಟದ ಕೆಳಗೆ ‘ಎನ್.ಪಿ.’ ಇದ್ದರೆ 1904ರ ತರುವಾಯ ಯಾರೋ ಅದನ್ನು ಹೊಸ ಮದ್ದಿಗಾಗಿ ಮತ್ತೆ ಪರೀಕ್ಷೆಗೆ ಕಳುಹಿಸಿದ್ದರೆಂದು ತಿಳಿಯುವುದು. ನಳಿಗೆಯ ಸಂಖ್ಯೆಗೂ ಯಂತ್ರಭಾಗದ ಸಂಖ್ಯೆಗೂ ತಾಳೆ ಬೀಳದಿದ್ದರೆ ಎರಡಕ್ಕೂ ಬೇರೆಬೇರೆ ವಯಸ್ಸೆಂದು ಶಂಕಿಸಬೇಕು.

ಇನ್ನು ಕ್ಷೇಮದ ಮಾತು. ಕರಿಮದ್ದಿಗಷ್ಟೇ ಪರೀಕ್ಷಿತವಾದ ನಳಿಗೆಯಲ್ಲಿ ಈಗಿನ ತೋಟಾ ಹಾರಿಸಿದರೆ ನಳಿಗೆ ಒಡೆಯಬಹುದು. ಮುಂಭಾಗವನ್ನು ಹಿಡಿದ ಎಡಗೈ ಇರುವುದು ಅಲ್ಲಿಯೇ. ಹಳೆಯ ಹನ್ನೆರಡು ಬೋರಿನ ಕೋವಿಗಳಲ್ಲಿ ತೋಟಾದ ಕೋಣೆ ಹೆಚ್ಚಾಗಿ ಎರಡೂವರೆ ಅಂಗುಲ. ಎರಡೂಮುಕ್ಕಾಲು ಅಂಗುಲದ ತೋಟಾ ಬಾಯಿ ಮಡಿಚಿಕೊಂಡಿರುವ ಕಾರಣ ಅದರಲ್ಲಿಯೂ ಸಲೀಸಾಗಿ ಕೂರುವುದು. ಹಾರಿಸಿದಾಗ ಮಡಿಕೆ ಬಿಚ್ಚಲು ಎಡೆಯಿಲ್ಲದೆ ಒತ್ತಡ ಏರುವುದು. ಕೂತಿತೆಂದ ಮಾತ್ರಕ್ಕೆ ಕೋವಿ ಒಪ್ಪಿತೆಂದು ತಿಳಿಯಬಾರದು. ಮುದ್ರೆಯಿದ್ದರೂ ಅದು ಒತ್ತಿದ ದಿನದ ಮಾತು. ಆಮೇಲಿನ ತುಕ್ಕು ಸವೆತಗಳನ್ನು ಅದು ಬಲ್ಲದಲ್ಲ.

ಆದುದರಿಂದ ಇಂಥ ಕೋವಿಯುಳ್ಳವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಬಲ್ಲವರು ಪರಿಶೀಲಿಸುವವರೆಗೆ ಅದನ್ನು ಹಾರಿಸಬೇಡಿ. ಹೊಳಪಿಗಾಗಿ ನಳಿಗೆಯ ಅಡಿಯನ್ನು ಉಜ್ಜಿಸಬೇಡಿ. ಉಜ್ಜಿದಷ್ಟೂ ಸಾಕ್ಷ್ಯ ಸವೆಯುವುದು. ಪರವಾನಗಿಯುಳ್ಳ ಕುಶಲ ರಿಪೇರಿಗಾರರಿಂದ ಕಳಚಿಸಿ, ಮುದ್ರೆಗಳನ್ನೂ ಸಂಖ್ಯೆಗಳನ್ನೂ ಇದ್ದುದು ಇದ್ದಂತೆ ಬರೆದಿಡಿ. ವಯಸ್ಸು ಕೇಳಿದವರಿಗೆ ಒಂದು ವರ್ಷವನ್ನು ಹೇಳುವ ಬದಲು ‘ಇಂಥ ವರ್ಷದಿಂದ ಇಂಥ ವರ್ಷದೊಳಗೆ’ ಎಂದು ಹೇಳಿ. ಮುತ್ತಾತನ ಕೋವಿಯು ತಾತನ ಕಾಲದ್ದೆಂದು ತೀರ್ಮಾನವಾದರೂ ಮನೆತನದ ಗೌರವಕ್ಕೆ ಕುಂದೇನೂ ಇಲ್ಲ.