ಅಳತೆ ಬಂದ ಮೇಲೆ ಯಾರ ಸರದಿ?

ರಾತ್ರಿ ಪಾಳಿ ಮುಗಿಸಿ ವಿದ್ಯುತ್ ಸ್ಟೇಷನ್ನಿನಿಂದ ನೇರವಾಗಿ ಇಲ್ಲಿಗೆ ಬಂದಿರುವ ಇಂಜಿನಿಯರ್ ಗೆಳೆಯರೇ,

2025ರ ಮಾರ್ಚ್ 20ರ ರಾತ್ರಿ, ಲಂಡನ್ನಿನ ಪಶ್ಚಿಮಕ್ಕಿರುವ ನಾರ್ತ್ ಹೈಡ್ ಉಪಕೇಂದ್ರದಲ್ಲಿ 275 ಕೆವಿ ಪರಿವರ್ತಕವೊಂದು ಹೊತ್ತಿ ಉರಿಯಿತು. ಸುಮಾರು 67 ಸಾವಿರ ಗ್ರಾಹಕರಿಗೆ ವಿದ್ಯುತ್ ಹೋಯಿತು. ಮರುದಿನ ಹೀಥ್ರೂ ವಿಮಾನ ನಿಲ್ದಾಣವೇ ಬಾಗಿಲು ಮುಚ್ಚಿ, 2 ಲಕ್ಷ 70 ಸಾವಿರದಷ್ಟು ಪ್ರಯಾಣಗಳು ಅಸ್ತವ್ಯಸ್ತಗೊಂಡವು. ಆ ದೇಶದ ಜಾಲ ನಿರ್ವಾಹಕ ಸಂಸ್ಥೆ ಜುಲೈನಲ್ಲಿ ಕೊಟ್ಟ ತನಿಖಾ ವರದಿಯನ್ನು ನಮ್ಮ ವೃತ್ತಿಯ ಪ್ರತಿಯೊಬ್ಬರೂ ಓದಬೇಕು. ಪರಿವರ್ತಕದ ಒಂದು ಬುಶಿಂಗ್ ಸಿಡಿದದ್ದು ಬೆಂಕಿಯ ಮೂಲ. ಅದರೊಳಗೆ ತೇವ ಇಳಿದದ್ದೇ ಬಹುಮಟ್ಟಿಗೆ ಕಾರಣ ಎನ್ನುತ್ತದೆ ವರದಿ.

ನನ್ನನ್ನು ನಿದ್ದೆಗೆಡಿಸಿದ್ದು ಅದರ ಮುಂದಿನ ಮಾತು. ಆ ತೇವ 2018ರ ಜುಲೈನಲ್ಲೇ ಎಣ್ಣೆಯ ಮಾದರಿಯಲ್ಲಿ ಕಂಡಿತ್ತು! ಅಂಥ ಅಳತೆ ಬಂದರೆ ದೋಷ ಬಾಗಿಲಲ್ಲೇ ಇದೆ, ಬುಶಿಂಗ್ ಬದಲಿಸಬೇಕು ಎಂದು ಪ್ರಸರಣ ಸಂಸ್ಥೆಯ ಮಾರ್ಗಸೂಚಿಯೇ ಹೇಳಿತ್ತು. ಮಾದರಿ ತೆಗೆದವರು ತಮ್ಮ ಕೆಲಸ ಮಾಡಿದ್ದರು, ಪ್ರಯೋಗಾಲಯ ತನ್ನ ಕೆಲಸ ಮಾಡಿತ್ತು. ಆಮೇಲೆ ಆರೂವರೆ ವರ್ಷ ಯಾರ ಸರದಿಯೂ ಬರಲಿಲ್ಲ. ಬೆಂಕಿ ನಂದಿಸುವ ನೀರಿನ ವ್ಯವಸ್ಥೆಯೂ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಹಳೆಯ ಉಪಕರಣ ಎಂದಾಕ್ಷಣ ನಾವು ನಾಮಫಲಕದ ಇಸವಿ ನೋಡುತ್ತೇವೆ. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ನಿಯಮಗಳಲ್ಲಿ ಉಪಕೇಂದ್ರದ ಉಪಯುಕ್ತ ಆಯಸ್ಸು 25 ವರ್ಷ, ಮಾರ್ಗದ್ದು 35 ವರ್ಷ. ಅದು ಲೆಕ್ಕಪತ್ರದ ಆಯಸ್ಸು. ಯಂತ್ರದ ಆಯಸ್ಸು ಬೇರೆ ಕಡೆ ಬರೆದಿರುತ್ತದೆ. ಪರಿವರ್ತಕದ ಸುರುಳಿಗೆ ಸುತ್ತಿದ ಕಾಗದದ ಪಾಲಿಮರೀಕರಣ ಮಟ್ಟ ಹೊಸದರಲ್ಲಿ ಸುಮಾರು 1000 ಇದ್ದದ್ದು 200ಕ್ಕೆ ಇಳಿದಾಗ, ಕಾಗದ ಬೆರಳಿನಲ್ಲೇ ಪುಡಿಯಾಗುತ್ತದೆ. ಎಣ್ಣೆಯನ್ನು ಸೋಸಬಹುದು, ಹೊಸದು ತುಂಬಬಹುದು, ಕಾಗದಕ್ಕೆ ಮರುಹುಟ್ಟಿಲ್ಲ. ಎಣ್ಣೆಯಲ್ಲಿ ಅಸಿಟಿಲಿನ್ ಕಂಡರೆ ಒಳಗೆಲ್ಲೋ ಕಿಡಿ ಹಾರುತ್ತಿರುವ ಸೂಚನೆ. ಬುಶಿಂಗಿನ ಟ್ಯಾನ್ ಡೆಲ್ಟಾ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಇನ್ನೂ ಮಿತಿಯೊಳಗಿದೆ ಎಂಬ ಸಮಾಧಾನ ಸಲ್ಲದು. ಚೆನ್ನಾಗಿ ನೋಡಿಕೊಂಡ ನಲವತ್ತು ವರ್ಷದ ಪರಿವರ್ತಕ ಇನ್ನೂ ದುಡಿಯಬಹುದು. ತೇವ ಕುಡಿದ ಹದಿನೈದು ವರ್ಷದ್ದು ನಾಳೆ ಸಿಡಿಯಬಹುದು.

ಇನ್ನೊಂದು ಬಗೆಯ ಮುಪ್ಪು ಇದೆ, ಅದು ಯಾವ ಪರೀಕ್ಷೆಗೂ ಸಿಗುವುದಿಲ್ಲ. ಬ್ರೇಕರ್ ಆರೋಗ್ಯವಾಗಿಯೇ ಇರುತ್ತದೆ, ಸುತ್ತಲಿನ ಜಾಲ ಬೆಳೆದುಬಿಟ್ಟಿರುತ್ತದೆ. ಹೊಸ ಮಾರ್ಗ, ಹೊಸ ಉತ್ಪಾದನೆ ಸೇರಿದಂತೆಲ್ಲ ಶಾರ್ಟ್ ಸರ್ಕ್ಯೂಟ್ ಪ್ರವಾಹ ಏರುತ್ತದೆ. ಅಳವಡಿಸಿದ ದಿನ ಸಾಕಾಗಿದ್ದ ಬ್ರೇಕರಿಗೆ ಇಂದಿನ ದೋಷವನ್ನು ಕಡಿಯುವ ಶಕ್ತಿ ಇದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ. ಬದಲಾವಣೆಯ ಪಟ್ಟಿಯಲ್ಲಿ ಈ ಪ್ರಶ್ನೆ ಮೊದಲು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನಮ್ಮ ನೆಲದ ಕಷ್ಟ. ಕರ್ನಾಟಕದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪಂಪ್‌ಸೆಟ್ಟುಗಳೂ ಫ್ಯಾನು, ಎ.ಸಿ.ಗಳೂ ಒಟ್ಟಿಗೆ ಎಳೆಯುತ್ತವೆ. ಆಗ ಕೆಲಸಕ್ಕಾಗಿ ವಿದ್ಯುತ್ ನಿಲ್ಲಿಸಿಕೊಡುವ ಲೈನ್ ಕ್ಲಿಯರ್ (ಎಲ್‌ಸಿ) ಕೇಳುವಂತೆಯೇ ಇಲ್ಲ. ಮಳೆ ಹಿಡಿದ ಮೇಲೆ ಲೋಡ್ ಇಳಿಯುತ್ತದೆ, ಎಲ್‌ಸಿ ಸಿಗುತ್ತದೆ. ಆದರೆ ಎಣ್ಣೆ ತುಂಬಿದ ಉಪಕರಣವನ್ನು ಬಿಚ್ಚಬಾರದ ಕಾಲವೂ ಅದೇ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಟ್ಯಾಂಕ್ ತೆರೆದರೆ ಗಾಳಿಯೇ ನೀರು. ಹಾಗಾಗಿ ಮಳೆಗಾಲದ ಎಲ್‌ಸಿಯಲ್ಲಿ ಐಸೊಲೇಟರ್, ರಿಲೇ ಫಲಕ, ಕೇಬಲ್ ಮುಗಿಸಿ, ಒಣ ಹವೆಯ ನವೆಂಬರ್, ಡಿಸೆಂಬರ್ ದಿನಗಳನ್ನು ಬುಶಿಂಗ್ ಮತ್ತು ಪರಿವರ್ತಕಗಳಿಗೆ ಕಾದಿರಿಸುವ ವರ್ಷಪೂರ್ತಿಯ ಯೋಜನೆ ಬೇಕು. ಪ್ರತಿ ಜಿಲ್ಲೆಗೂ ಒಂದೇ ವೇಳಾಪಟ್ಟಿ ನಡೆಯದು. ರಾಯಚೂರಿನ ಆಗಸ್ಟ್ ಬೇರೆ, ಆಗುಂಬೆಯ ಆಗಸ್ಟ್ ಬೇರೆ.

ಯಾರ್ಡಿನಲ್ಲಿ ನಿಂತವರಿಗೆ ಗೊತ್ತಿರುವ ಮತ್ತೊಂದು ಮಾತನ್ನೂ ಹೇಳಿಬಿಡುತ್ತೇನೆ. ಹೊಸ ಬ್ರೇಕರ್ ಬರುತ್ತದೆ, ಹಳೆಯ ಅಡಿಪಾಯದ ಬೋಲ್ಟಿಗೆ ಕೂರುವುದಿಲ್ಲ. ಟ್ರೆಂಚ್ ತೆರೆದರೆ ನಕ್ಷೆಯಲ್ಲಿಲ್ಲದ ಕೇಬಲ್‌ಗಳು. ಎಂಟು ಗಂಟೆಯ ಎಲ್‌ಸಿಯಲ್ಲಿ ಐದು ಗಂಟೆ ಯಾವ ತಂತಿ ಎಲ್ಲಿಗೆ ಎಂದು ಹುಡುಕುವುದರಲ್ಲೇ ಹೋಗುತ್ತದೆ. ಉಪಕರಣಕ್ಕೆ ಟೆಂಡರ್ ಕರೆಯುವ ಮೊದಲು ನಕ್ಷೆ ಸರಿಪಡಿಸಲು ಹಣ ಮತ್ತು ಜನ ಕೊಡಿ ಎಂದು ಆಡಳಿತದವರನ್ನು ಕೇಳಿಕೊಳ್ಳುತ್ತೇನೆ. ಹಳೆಯದನ್ನು ತೆಗೆಯುವಾಗಲೂ ಎಚ್ಚರ ಬೇಕು: ಕಳಚಿದ ಎಸ್‌ಎಫ್6 ಬ್ರೇಕರಿನ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಸಿಕೊಳ್ಳಬೇಕು; ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲು.

ನಮ್ಮಲ್ಲಿ ಪರೀಕ್ಷೆಗೆ ಕೊರತೆಯಿಲ್ಲ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ಕೊರತೆ ಇರುವುದು ವರದಿ ಕೈಸೇರಿದ ಮರುದಿನದ್ದು. ಮಿತಿ ದಾಟಿದ ಪ್ರತಿ ಅಳತೆಯ ಎದುರು ಒಬ್ಬ ಅಧಿಕಾರಿಯ ಹೆಸರು, ಒಂದು ಗಡುವಿನ ತಾರೀಖು ಇರಲೇಬೇಕು. ಬದಲಿಸುವುದಿಲ್ಲ ಎಂದು ತೀರ್ಮಾನಿಸಿದರೆ ಅದಕ್ಕೂ ಕಾರಣ, ಸಹಿ ಇರಲಿ.

ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಸ್ಟೇಷನ್ನಿನ ಕಡತದಲ್ಲಿ ಮಿತಿ ದಾಟಿಯೂ ಉತ್ತರ ಸಿಗದೆ ಕೂತಿರುವ ಒಂದು ಅಳತೆ ನೆನಪಿದ್ದರೆ, ಊಟದ ವಿರಾಮಕ್ಕೆ ಮುಂಚೆ ಚೀಟಿಯಲ್ಲಿ ಬರೆದುಕೊಡಿ. ಮಧ್ಯಾಹ್ನದ ಗೋಷ್ಠಿ ಆ ಚೀಟಿಗಳಿಂದಲೇ ಶುರುವಾಗಲಿ.