ಸಹಕಾರ ಮತ್ತು ಸಾಮಾಜಿಕ ಭದ್ರತೆ



ಬೀಡಿ ಕಟ್ಟುವ ತಾಯಿ ಕಾಯಿಲೆ ಬಿದ್ದರೆ ಕೂಲಿ ನಿಲ್ಲುತ್ತದೆ, ಬಡ್ಡಿಯ ಸಾಲ ಬೆಳೆಯುತ್ತದೆ, ಮಗಳ ಓದು ಮುಗಿಯುತ್ತದೆ. ಅಸಮಾನತೆ ಹೀಗೆ ಮುಂದಿನ ತಲೆಮಾರಿಗೆ ದಾಟುತ್ತದೆ. ಇದನ್ನು ತಡೆಯಲು ಎರಡು ದಾರಿಗಳಿವೆ.

ಮೊದಲನೆಯದು ಸಹಕಾರ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. ಇಂಥ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ.

ಎರಡನೆಯದು ಸಾಮಾಜಿಕ ಭದ್ರತೆ. ಅಪಘಾತ, ಮುಪ್ಪು, ಸಾವು ಎದುರಾದಾಗ ಬಡವರ ಉಳಿತಾಯವೊಂದೇ ಸಾಲದು, ಸರಕಾರವೂ ಹೊಣೆ ಹೊರಬೇಕು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಲ್ಲೇ ಕಾಯ್ದೆ ಬಂತು. ಅವರ ಮಕ್ಕಳಿಗೆ ವಿದ್ಯಾರ್ಥಿವೇತನವೂ ಇದೆ. ಆದರೆ ಗುರುತಿನ ಚೀಟಿಯಿಲ್ಲದ ತಾಯಿಗೆ ಅದು ಕೈಗೆಟುಕದು.

ವಿದ್ಯಾರ್ಥಿಗಳೇ, ನಿಮ್ಮ ಓಣಿಯಲ್ಲಿ ಒಬ್ಬರಿಗಾದರೂ ಅರ್ಜಿ ತುಂಬಿಕೊಡಿ. ನೀವು ಕಲಿತ ಅಕ್ಷರ ಅವರ ಮನೆಗೂ ಬೆಳಕಾಗಲಿ.