ಗ್ರಾಮಸಭೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಯಾರು?

ನಮ್ಮ ಗ್ರಾಮಸಭೆಗಳಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಕುಂಬ್ರ ಸೇರಿರುವ ಒಳಮೊಗ್ರು ಇರಲಿ, ಸುಳ್ಯ, ಕಡಬದ ಒಳಗಿನ ಗ್ರಾಮಗಳಿರಲಿ, ಕುಡಿಯುವ ನೀರು, ಸೋರುವ ಶಾಲೆ, ಆರೋಗ್ಯ ಕೇಂದ್ರದ ವೈದ್ಯರು, ಮಳೆಗಾಲದಲ್ಲಿ ಕೆಸರಾಗುವ ರಸ್ತೆ, ಎಲ್ಲವನ್ನೂ ಜನ ಎದ್ದು ನಿಂತು ಕೇಳುತ್ತಾರೆ. ಇಲಾಖೆಯ ಅಧಿಕಾರಿ ಬಾರದಿದ್ದರೆ ಸಭೆಯನ್ನೇ ಮುಂದೂಡಿ ಎಂದು ಪಟ್ಟು ಹಿಡಿಯುವ ರೂಢಿಯೂ ಈ ಭಾಗದಲ್ಲಿದೆ. ಆದರೆ ಹೆಚ್ಚಿನ ಪ್ರಶ್ನೆಗಳಿಗೆ ಕೊನೆಗೆ ಸಿಗುವ ಉತ್ತರ ಒಂದೇ: ನಿರ್ಣಯ ಮಾಡಿ ಮೇಲಕ್ಕೆ ಬರೆಯುತ್ತೇವೆ. ಇದನ್ನು ಪಿಡಿಒ ಅಥವಾ ಅಧ್ಯಕ್ಷರ ಉದಾಸೀನ ಎಂದು ತಿಳಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಸರಕಾರಿ ಶಾಲೆ, ಹಲವು ಗ್ರಾಮಗಳನ್ನು ದಾಟಿ ಹೋಗುವ ರಸ್ತೆ ಗ್ರಾಮ ಪಂಚಾಯತ್‌ನ ಕೈಯಲ್ಲಿಲ್ಲ. ಅವುಗಳಲ್ಲಿ ಬಹುಪಾಲು ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳ ಹೊಣೆ. ಆ ಎರಡೂ ಸಂಸ್ಥೆಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2023ರಲ್ಲಿ ರಾಜ್ಯ ಸರಕಾರ ಬದಲಾಯಿತು, ಈ ಸ್ಥಿತಿ ಬದಲಾಗಲಿಲ್ಲ. ಗ್ರಾಮಸಭೆಯ ನಿರ್ಣಯವನ್ನು ಹಿಡಿದು ಸಭೆಯಲ್ಲಿ ಜಗಳವಾಡಬಲ್ಲ ಸದಸ್ಯನೇ ಇಲ್ಲದಿದ್ದಾಗ, ಆ ನಿರ್ಣಯ ಕಡತದಲ್ಲಿ ಒಂದು ಹಾಳೆಯಾಗಿ ಉಳಿಯುತ್ತದೆ.

ಕರ್ನಾಟಕಕ್ಕೆ ಇದು ಹೊಸ ಅನುಭವವೂ ಅಲ್ಲ. ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ಇಡೀ ದೇಶ ಈ ಕಡೆ ತಿರುಗಿ ನೋಡಿತು. ಐದು ವರ್ಷ ಮುಗಿದದ್ದೇ ತಡ, ಆಡಳಿತಾಧಿಕಾರಿಗಳು ಬಂದು ಕುಳಿತರು. ಜಿಲ್ಲಾ ಮಟ್ಟಕ್ಕೆ ಮತ್ತೆ ಚುನಾವಣೆಯಾದದ್ದು 1995ರಲ್ಲಿ. ಇಂಥ ವಿಳಂಬ ಎಲ್ಲೂ ಆಗಬಾರದೆಂದೇ ಸಂವಿಧಾನದ 73ನೇ ತಿದ್ದುಪಡಿ 243ಇ ವಿಧಿಯನ್ನು ಸೇರಿಸಿ, ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಕಟ್ಟುನಿಟ್ಟು ಮಾಡಿತು. 2021ರ ನಂತರದ ವಿಳಂಬಕ್ಕೆ, ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಬಾಕಿ ಇದೆ ಎಂಬುದು ಸರಕಾರದ ವಾದವಾಗಿತ್ತು. ಐದು ವರ್ಷ ಮೊದಲೇ ಗೊತ್ತಿರುವ ದಿನಾಂಕಕ್ಕೆ ಸಿದ್ಧತೆ ಮಾಡಿಕೊಳ್ಳದಿರುವುದು ಕಾರಣವಾಗಲಾರದು. ನಗರಾಡಳಿತದ ಸಂದರ್ಭದಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ, ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ, ಸಕಾಲದ ಚುನಾವಣೆ ತಪ್ಪಿಸಲಾಗದ ಕರ್ತವ್ಯ ಎಂದಿದೆ.

ಅಧಿಕಾರಿಗಳೇ ನಡೆಸಿದರೆ ರಾಜಕೀಯ ಕಡಿಮೆ, ಕೆಲಸ ಚುರುಕು ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಗುತ್ತಿಗೆ ಕಾಮಗಾರಿಯ ಹಂಚಿಕೆಯಲ್ಲೇ ಮುಳುಗಿದ ಸದಸ್ಯರನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಕೆಟ್ಟ ಸದಸ್ಯನನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸಬಹುದು. ವರ್ಗವಾಗಿ ಹೋದ ಅಧಿಕಾರಿಯನ್ನು ಕುಂಬ್ರದ ಮತದಾರ ಏನು ಮಾಡಬಲ್ಲ? ಶಾಸಕರಿದ್ದಾರಲ್ಲ, ಕೆಡಿಪಿ ಪ್ರಗತಿ ಪರಿಶೀಲನಾ ಸಭೆ ಇದೆಯಲ್ಲ ಎಂಬ ಮಾತೂ ಇದೆ. ಶಾಸಕರ ಮುಖ್ಯ ಕೆಲಸ ಕಾನೂನು ಮಾಡುವುದು. ಒಂದು ಕ್ಷೇತ್ರದ ಅಷ್ಟೂ ಗ್ರಾಮಗಳ ನೀರಿನ ಪೈಪನ್ನು ಅವರೊಬ್ಬರೇ ವಿಚಾರಿಸುವ ವ್ಯವಸ್ಥೆ ಅವರ ಕೃಪೆಯನ್ನು ಬೆಳೆಸುತ್ತದೆ, ನಮ್ಮ ಹಕ್ಕನ್ನಲ್ಲ. ಇನ್ನು 2005ರ ಮಾಹಿತಿ ಹಕ್ಕು, 2012ರಿಂದ ಜಾರಿಯಲ್ಲಿರುವ ಸಕಾಲ. ಇವೆರಡನ್ನೂ ನಾನು ಬಹಳ ಗೌರವಿಸುತ್ತೇನೆ. ಒಬ್ಬರ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಲು ಸಕಾಲದಲ್ಲಿ ಅವಕಾಶವಿದೆ. ಆದರೆ ಯಾವ ಶಾಲೆಗೆ ಮೊದಲು ಮಾಡು, ಯಾವ ಊರಿಗೆ ಮೊದಲು ರಸ್ತೆ ಎಂದು ಯೋಜನೆ ಬರೆಯುವಲ್ಲಿ ನಮ್ಮನ್ನು ಕೂರಿಸುವ ಶಕ್ತಿ ಅದಕ್ಕಿಲ್ಲ. ಮಾಹಿತಿ ಹಕ್ಕು ತಪ್ಪನ್ನು ತೋರಿಸಿಕೊಡುತ್ತದೆ. ತೋರಿಸಿದ ತಪ್ಪಿಗೆ ಉತ್ತರ ಹೇಳಬೇಕಾದವರು ಸಭೆಯಲ್ಲಿ ಎದುರಿಗಿರಬೇಕು.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಹೋಗುವ ಪ್ರತಿಯೊಬ್ಬರಲ್ಲಿ ನನ್ನ ವಿನಂತಿ ಇದು. ಹಿಂದಿನ ಸಭೆಯ ನಿರ್ಣಯಗಳಲ್ಲಿ ಯಾವುದಕ್ಕೆ ಯಾವ ಕಚೇರಿಯಿಂದ ಏನು ಉತ್ತರ ಬಂದಿದೆ ಎಂದು ಲಿಖಿತವಾಗಿ ಓದಿಸಿ. ಜಮಾಬಂದಿಯ ದಿನ ಲೆಕ್ಕಪುಸ್ತಕ ತೆರೆಸಿ ನೋಡಿ. ಪಂಚಾಯತ್‌ನ ಮೂರೂ ಹಂತಗಳಿಗೆ ಪ್ರತಿ ಬಾರಿಯೂ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ನಿರ್ಣಯ ಬರೆಸಿ, ಅದರ ಪ್ರತಿಯನ್ನು ರಾಜ್ಯ ಚುನಾವಣಾ ಆಯೋಗಕ್ಕೂ ಕಳುಹಿಸಿ.